ಭಾವನ ಇಂಗ್ಲಿಷ್ ಹಳ್ಳಿ

ನಮ್ಮ ಭಾವ ಸಿಂಗಾಪುರದ ಸೆಂಬವಾಂಗಿನ ಹನ್ನೊಂದನೆಯ ಮಹಡಿಯಲ್ಲಿ ವಾಸವಾಗಿದ್ದಾರೆಂದು ನಂಬಿ ನೀವು ನೋಡಲು ಹೋದರೆ ಮೋಸಹೋಗುತ್ತೀರಿ. ಬಾಗಿಲು ತೆಗೆಯುವವರೂ ಅವರೇ, ಕಾಫಿ ಕೊಡುವವರೂ ಅವರೇ. ಆದರೆ ಅವರು ಅಲ್ಲಿರುವುದಿಲ್ಲ. ಇಂಗ್ಲೆಂಡಿನಲ್ಲಿ ಮುನ್ನೂರು ಜನರಿರುವ ಒಂದು ಹಳ್ಳಿಯಲ್ಲಿರುತ್ತಾರೆ. ಅಲ್ಲಿಗೆ ಅವರು ಈವರೆಗೆ ಕಾಲಿಟ್ಟಿಲ್ಲ ಎನ್ನುವುದು ಸಣ್ಣ ಡೀಟೇಲ್, ಅಷ್ಟೆ!

ಹಾಲ್‌ನಲ್ಲಿರುವ ಗಡಿಯಾರ ಆ ಹಳ್ಳಿಯ ಟೈಮ್ ತೋರಿಸುತ್ತದೆ. ನಾನು ಪುಂಗೋಲಿನ ಮಗಳ ಮನೆಯಿಂದ ಹೊರಟು ಸಂಜೆ ಐದಕ್ಕೆ ತಲುಪಿದರೆ, "ಗುಡ್ ಮಾರ್ನಿಂಗ್, ಪುಟ್ಟಿ" ಎನ್ನುತ್ತಾರೆ. ನನಗೀಗ ಎಪ್ಪತ್ತೈದು. ಪುಟ್ಟಿ ಎನ್ನುವುದು ಅಕ್ಕ ಇಟ್ಟ ಹೆಸರು. ಹಾಗೆ ಕರೆಯಲು ಉಳಿದಿರುವವರು ಅವರೊಬ್ಬರೇ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅವಳ ಡ್ರಾಯರಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಹಳ್ಳಿಯ ಮ್ಯಾಪು ಭಾವನಿಗೆ ಸಿಕ್ಕಿತು. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹುಟ್ಟಿದ ಹಳ್ಳಿ ಅದು. ನಾವು ಕಸೂತಿ ಹಾಕುವಾಗ ಅವರು ತಮ್ಮೂರಿನ ಚರ್ಚು, ಬಾತುಕೋಳಿ ಕೊಳ, ಕಪ್ಪು ಮರಗಳ ಕಥೆ ಹೇಳುತ್ತಿದ್ದರು. ನಾನು ಸೂಜಿ ಚುಚ್ಚಿಕೊಂಡು ಅಳುತ್ತಿದ್ದೆ. ಅಕ್ಕ ಹಳ್ಳಿಯನ್ನೇ ಬರೆದುಕೊಂಡಿದ್ದಳು. ಒಮ್ಮೆ ಹೋಗಿ ನೋಡೋಣ ಎಂದು ಅವಳೂ, ಮುಂದಿನ ವರ್ಷ ಎಂದು ಭಾವನೂ ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದರು. ಈಗ ಭಾವ ಆ ಊರಿನ ಚರಿತ್ರೆಯ ಸಂಘಕ್ಕೆ ಲ್ಯಾಪ್‌ಟಾಪಿನಲ್ಲೇ ಸದಸ್ಯರಾಗಿ, ಹಳೆಯ ಚರ್ಚ್ ರಿಜಿಸ್ಟರುಗಳನ್ನು ಟೈಪ್ ಮಾಡಿಕೊಡುತ್ತಾರೆ.

ಇದರ ಪರಿಣಾಮ ಕೇಳಿ. ಒಂದು ದಿನ ಕಾಫಿ ಬಗ್ಗಿಸುತ್ತಾ ನಿಟ್ಟುಸಿರು ಬಿಟ್ಟರು.

"ಪಾಪ, ಜಾನ್‌ದು ಹಸು ಕೊಳಕ್ಕೆ ಬಿತ್ತು."

"ಅಯ್ಯೋ, ಯಾವಾಗ ಭಾವ?"

"ಮುನ್ನೂರು ವರ್ಷ ಆಯ್ತು."

ಅವರ ಮಾತಿನಲ್ಲಿ ಬದುಕಿರುವವರು ಯಾರು, ಸತ್ತವರು ಯಾರು ಎಂದು ಬೇರ್ಪಡಿಸುವುದು ದೇವರಿಗೂ ಕಷ್ಟ. ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದಡಿಯ ತೆರೆದ ಜಾಗದಲ್ಲಿ, ಚೆಕರ್ಸ್ ಆಡುವ ಚೀನೀ ಅಂಕಲ್ ಒಬ್ಬರಿದ್ದಾರೆ. ಅವರಿಗೆ ಭಾವ ಒಮ್ಮೆ, ಡೊರೊತಿಗೆ ಮಂಡಿನೋವು, ಚರ್ಚಿನಲ್ಲಿ ಹೂ ಜೋಡಿಸಲು ಬರಲಾಗುತ್ತಿಲ್ಲ ಎಂದು ದುಃಖ ತೋಡಿಕೊಂಡರು.

"ವಿಚ್ ಬ್ಲಾಕ್, ಆಹ್?" ಎಂದರು ಅಂಕಲ್.

"ನೋ ಬ್ಲಾಕ್. ಸಮಾಧಿಗಳ ಪಕ್ಕದ ಮನೆ."

ಆ ಅಂಕಲ್ ಅಂದಿನಿಂದ ಭಾವನ ಜೊತೆ ಲಿಫ್ಟ್ ಹತ್ತುವುದಿಲ್ಲ.

ನಾನೂ ನಗುತ್ತಿದ್ದೆ, ಬಾವಿಯ ವಿಷಯ ನಡೆಯುವವರೆಗೆ. ಹಳ್ಳಿಯವರು ಚರ್ಚಿನ ಪಕ್ಕ ಒಂದು ಬೆಂಚು ಹಾಕಲು ಹೊರಟಿದ್ದರು. ಭಾವ ಸ್ಕ್ರೀನಿನಿಂದಲೇ ತಡೆದರು: ಅಲ್ಲಿ ಬೇಡ, ಕೆಳಗೆ ಬಾವಿ ಇದೆ. ಊರಿನ ಯಾವ ನಕ್ಷೆಯಲ್ಲೂ ಬಾವಿ ಇರಲಿಲ್ಲ. ಅಗೆದು ನೋಡಿದರೆ ಚಪ್ಪಡಿಕಲ್ಲು. ಸರಿಸಿ ಒಂದು ಕಲ್ಲು ಹಾಕಿದರೆ, ನೀರಿನ ಸದ್ದು ಬರಲು ಬಹಳ ಹೊತ್ತಾಯಿತಂತೆ. ಗಂಟೆ ಬಾರಿಸುವ ಮುದುಕಿ ಮಾರ್ಗರೆಟ್ ಕ್ಯಾಮೆರಾದ ಹತ್ತಿರ ಬಂದು ಮೆಲ್ಲನೆ ಕೇಳಿದಳು, "ನೀವು ಇಲ್ಲಿಗೆ ಬಂದಿದ್ರಾ?"

"ಇಲ್ಲ. ನನ್ನ ಹೆಂಡತಿ ಬಂದು ಹೋಗ್ತಿರ್ತಾಳೆ" ಎಂದರು ಭಾವ.

ಅಕ್ಕನ ಮ್ಯಾಪಿನಲ್ಲಿ ಬಾವಿ ಇತ್ತು ಎಂದು ಹೇಳಬಹುದಿತ್ತಲ್ಲ? ಹೇಳಲಿಲ್ಲ. ಲ್ಯಾಪ್‌ಟಾಪ್ ಅಕ್ಕನ ಖಾಲಿ ಕುರ್ಚಿಯ ಕಡೆಗೆ ತಿರುಗಿತ್ತು ಎನ್ನುವುದನ್ನು ನಾನು ಆಗಲೇ ಗಮನಿಸಿದ್ದು.

ಭಾವನಿಗೆ ಬೇಕಿದ್ದದ್ದು ಒಂದೇ. ಆ ಊರಿನಲ್ಲಿ ಹೆಂಗಸು ಸತ್ತರೆ ಚರ್ಚಿನ ಗಂಟೆ ಆರು ಸಲ ಬಾರಿಸಿ, ಸ್ವಲ್ಪ ತಡೆದು, ಆಮೇಲೆ ಅವಳ ವಯಸ್ಸಿನಷ್ಟು ಸಲ ಬಾರಿಸುತ್ತಾರೆ. ಹೊಲದಲ್ಲಿರುವವರು ಎಣಿಸಿ, ಹೋದವರು ಯಾರೆಂದು ತಿಳಿಯಬೇಕು. ಅಕ್ಕನಿಗೂ ಬಾರಿಸಿ ಎಂದು ಎರಡು ವರ್ಷ ಕೇಳಿದರು. ಊರಿನವರಿಗೆ ಮಾತ್ರ ಎಂದು ಕಮಿಟಿ ಎರಡು ವರ್ಷ ಮರ್ಯಾದೆಯಾಗಿ ಇಲ್ಲವೆಂದಿತು. ಬಾವಿ ಸಿಕ್ಕಮೇಲೆ ಒಪ್ಪಿತು. ಬಾವಿ ತಿಳಿದವಳು ಊರಿನವಳಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

"ಎಪ್ಪತ್ನಾಲ್ಕು ಅಂತ ಬರೀತೀನಿ. ಸರಿ ತಾನೆ ಪುಟ್ಟಿ?"

"ಹೂಂ" ಎಂದೆ.

ಸುಳ್ಳು. ಅಕ್ಕ ಹೋದಾಗ ಅವಳಿಗೆ ಎಪ್ಪತ್ತೈದು. ಕಾನ್ವೆಂಟಿಗೆ ಸೇರಿಸುವ ದಿನ, ಒಬ್ಬಳೇ ಕೂರುವುದಿಲ್ಲವೆಂದು ನಾನು ಗೇಟು ಹಿಡಿದು ಅತ್ತೆ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನಿಗೆ ನನ್ನ ಕ್ಲಾಸಿನ ವಯಸ್ಸು ಮೀರಿತ್ತು. ಅಪ್ಪ ಅರ್ಜಿಯಲ್ಲಿ ಅವಳ ಒಂದು ವರ್ಷ ಕಳೆದು, ಯಾರಿಗೂ ಹೇಳಬೇಡಿ ಎಂದು ಇಬ್ಬರಿಂದಲೂ ಪ್ರಾಮಿಸ್ ತೆಗೆದುಕೊಂಡರು. ಆ ಕಡಿಮೆಯಾದ ವರ್ಷ ಪಾಸ್‌ಪೋರ್ಟಿನಲ್ಲೂ ಮರಳಲಿಲ್ಲ, ಮದುವೆಯಲ್ಲೂ ಮರಳಲಿಲ್ಲ. ಜಾತಕವೆಲ್ಲ ಬೇಡ ಎಂದ ಇಂಜಿನಿಯರ್ ವರ ನಮ್ಮ ಭಾವ. "ನಾನು ನಿನಗಿಂತ ಒಂಬತ್ತು ತಿಂಗಳು ಸೀನಿಯರ್" ಎಂದು ದಿನಕ್ಕೊಮ್ಮೆ ಅಕ್ಕನಿಗೆ ನೆನಪಿಸುತ್ತಿದ್ದರು. ಪ್ರಾಮಿಸ್ ಮುರಿಯದ ಕಾನ್ವೆಂಟ್ ಗರ್ಲ್ಸ್, ನಾವಿಬ್ಬರೂ ಮುಖ ನೋಡಿಕೊಳ್ಳುತ್ತಿದ್ದೆವು.

ಗಂಟೆ ಬಾರಿಸಿದ ದಿನ ಸೆಂಬವಾಂಗಿನಲ್ಲಿ ಸಂಜೆ ಐದು; ಮೋಡ ಕವಿದು ಹಾಲ್‌ನಲ್ಲಿ ಕತ್ತಲಾಗಿತ್ತು. ಅಲ್ಲಿ ಬೆಳಗಿನ ಹತ್ತು. ಮೊದಲು ಆರು. ಆಮೇಲೆ ಒಂದು, ಎರಡು, ಮೂರು. ಭಾವ ಬೆರಳು ಮಡಿಸಿದರು, ನಾನು ಮನಸ್ಸಿನಲ್ಲಿ ಎಣಿಸಿದೆ. ಎಪ್ಪತ್ನಾಲ್ಕು. ನಿಂತಿತು. ಭಾವ ಕಣ್ಣು ಮುಚ್ಚಿದರು.

ಇನ್ನೊಂದು ಸಲ ಬಡಿಯಿತು.

ಈಗ ಎಪ್ಪತ್ತೈದು ತುಂಬಿರುವವಳು ನಾನು! ಕರೆ ನನಗೇ ಬಂತೇ?

"ಒಂದು ಜಾಸ್ತಿ ಆಯ್ತು" ಎಂದರು ಭಾವ.

ಮಾರ್ಗರೆಟ್ ಸ್ಕ್ರೀನಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. "ನಾನು ಎಪ್ಪತ್ನಾಲ್ಕೇ ಎಳೆದದ್ದು. ಹಗ್ಗ ಬಿಟ್ಟು ದೂರ ನಿಂತಿದ್ದೆ."

ತೂಗುವ ಗಂಟೆ ತಾನಾಗಿ ಬಡಿಯುವುದುಂಟು ಎಂದು ಭಾವ ಇಂಜಿನಿಯರಿಂಗ್ ಶುರುಮಾಡಿದರು. ನಾನು ಅಕ್ಕನ ಕುರ್ಚಿಯ ಕಡೆ ನೋಡಿ ಮನಸ್ಸಿನಲ್ಲೇ ಪರ್ಮಿಶನ್ ಕೇಳಿಕೊಂಡು, ಎಲ್ಲ ಹೇಳಿದೆ. ಗೇಟು, ಅಳು, ಅರ್ಜಿ, ಅಪ್ಪ.

ಭಾವ ಬೆರಳು ಮಡಿಸಿ ತಿಂಗಳುಗಳ ಲೆಕ್ಕ ಹಾಕಿದರು.

"ಹಾಗಾದ್ರೆ ಅವಳು ನನಗಿಂತ ಮೂರು ತಿಂಗಳು ದೊಡ್ಡವಳು."

"ಹೌದು ಭಾವ."

"ನಾನು ಸೀನಿಯರ್ ಅಂದಾಗೆಲ್ಲ?"

"ಅಡುಗೆಮನೆಗೆ ಬಂದು ನಗ್ತಿದ್ಲು."

ಭಾವ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಜನ್ಮದಲ್ಲಿ ದೇವರಿಗೂ ಕೈ ಮುಗಿಯದ ಆ ಮನುಷ್ಯ ಎದ್ದು ಹೋಗಿ, ಹಿರಿಯರಿಗೆ ಮಾಡುವ ಹಾಗೆ, ಅಕ್ಕನ ಕುರ್ಚಿಯ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿದರು. ಮಾಡಿದವರಿಗೆ ಏಳಲಾಗಲಿಲ್ಲ.

"ಪುಟ್ಟಿ, ಕೈ ಕೊಡೆ."

ಕೊಟ್ಟೆ. ಒಂದನೆಯ ಕ್ಲಾಸಿನ ಬಾಗಿಲಲ್ಲಿ ಅಕ್ಕ ನನಗೆ ಕೊಟ್ಟದ್ದೂ ಅಷ್ಟೇ, ಒಂದು ಕೈ. ಅದಕ್ಕೆ ಅವಳಿಗೆ ತಗುಲಿದ್ದು ಒಂದು ವರ್ಷ.