ಸಿಟ್ಟಿನ ತವರುಮನೆ

ಓದುಗ ಬಂಧುಗಳಿಗೆ ನಮಸ್ಕಾರ. ನಾನು ಮೀಸೆ ಬಂದ ಮೇಲೆ ಶಾಲೆ ಕಲಿತವನು. ಟೈಪು ಮಾಡುವುದೂ ಒಂದೇ ಬೆರಳಿನಲ್ಲಿ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಸಿಟ್ಟು ಎಲ್ಲಿಂದ ಬರುತ್ತದೆ ಎಂದು ತಿಳಿದವರು ಬಹಳ ಹೇಳಿದ್ದಾರೆ. ನನ್ನ ಹೆಂಡತಿ ಗಿರಿಜಾಗೆ ಎಲ್ಲಿಂದ ಬಂತು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ರಾಣೆಬೆನ್ನೂರಿನಿಂದ ಹಳೆಯ ಟೈಪ್‌ರೈಟರನ್ನೂ ಅದಕ್ಕೊಂದು ಭಾರೀ ಟೇಬಲ್ಲನ್ನೂ ತಂದು, ಬ್ಯಾಡಗಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಇಟ್ಟಾಗಿನಿಂದ ಆಕೆ ನನ್ನೊಡನೆ ಮಾತು ಬಿಟ್ಟಿದ್ದಳು. "ಊಟಕ್ಕ ಬಡಿಸೇನಿ" ಎಂದು ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಪರವಾಗಿ ನಾನು ಹೋಗಿ ಉಣ್ಣುತ್ತಿದ್ದೆ.

ಆಕೆಯ ಮಾತಿಲ್ಲದ ಮನೆಯಲ್ಲಿ ನನಗೆ ರೊಟ್ಟಿಯೂ ರುಚಿಸುವುದಿಲ್ಲ. ಕಾರಣ ಕೇಳಲು ಧೈರ್ಯ ಸಾಲದೆ ಡಿಕ್ಷನರಿ ತೆಗೆದೆ. ತಡವಾಗಿ ಕಲಿತವರ ಚಟವೇ ಇದು. ಹೊಟ್ಟೆ ನೋವಾದರೂ ಮೊದಲು ಪುಸ್ತಕ, ಆಮೇಲೆ ಡಾಕ್ಟರು. ಇಂಗ್ಲಿಷಿನ 'ಆ್ಯಂಗರ್' ಜರ್ಮನ್ ಭಾಷೆಯ ಅಣ್ಣತಮ್ಮಂದಿರ ಮನೆತನದ ಶಬ್ದವಂತೆ. ಮೊದಲು ಅದಕ್ಕೆ ದುಃಖವೆಂದು ಅರ್ಥ. ಇನ್ನೂ ಬೇರಿಗೆ ಹೋದರೆ ಬಿಗಿ, ಇಕ್ಕಟ್ಟು. ಹೆಂಡತಿಯನ್ನು ಮಾತಾಡಿಸಲು ಒಂದು ನೆಪ ಸಿಕ್ಕಿತು.

ಸಂಜೆ ಆಕೆ ಒಲೆಯ ಮಗ್ಗುಲಲ್ಲಿ ಒಬ್ಬಳೇ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಕೇಳಿಲ್ಲೆ, ಸಿಟ್ಟಿನ ತವರುಮನಿ ಜರ್ಮನಿ ಕಡೆ ಐತಂತ. ಮೊದಲ ಅದು ದುಃಖ ಇತ್ತಂತ. ಅದಕ್ಕೂ ಮೊದಲ ಇಕ್ಕಟ್ಟಂತ."

ಗಿರಿಜಾ ಗೋಡೆ ಬಿಟ್ಟು ನನ್ನತ್ತ ತಿರುಗಿದಳು. "ಅಷ್ಟ ದೂರ ಯಾಕ ಹೋಗಿದ್ರಿ? ನಿಮ್ಮ ಟೇಬಲ್ ಸುತ್ತ ಒಂದ ಸಲ ತಿರುಗಿದ್ರ ತಿಳೀತಿತ್ತಲ್ಲ! ಫಾತಿಮಾಬಿ, ನೀಲವ್ವ ದಿನಾ ಸಂಜಿಕ ಕಾಯಿ ಬಿಡಸಾಕ ಅಲ್ಲೇ ಕುಂದರ್ತಿದ್ರು. ಈಗ ಎಲ್ಲಿ ಕುಂದರಬೇಕ್ರಿ ಅವರು, ನಿಮ್ಮ ಮಿಷಿನ್ ಮ್ಯಾಲ?"

ಹೇಳುತ್ತಾ ಆಕೆ ಖಾರದ ಕೈಯೆಂಬುದನ್ನೂ ಮರೆತು ಕಣ್ಣೊರೆಸಿಕೊಂಡಳು. ಡಿಕ್ಷನರಿ ಸುಳ್ಳು ಹೇಳಿರಲಿಲ್ಲ. ನೆರೆಯ ಹೆಂಗಸರು ನನ್ನ ಓದಿಗೆ ಮರ್ಯಾದೆ ಕೊಟ್ಟು ದೂರ ಉಳಿದಿದ್ದಾರೆಂದು ನಾನು ಒಳಗೊಳಗೇ ಬೀಗಿದ್ದೆ!

ಫಾತಿಮಾಬಿಯ ಗಂಡನನ್ನು ಕರೆದು, ಟೇಬಲ್ಲನ್ನು ಬಚ್ಚಲ ಪಕ್ಕದ ಸಂದಿಗೆ ಸಾಗಿಸಿದೆ. ಮರುಸಂಜೆಗೇ ಪಡಸಾಲೆ ತುಂಬಿತು. ಈಗ ಅಲ್ಲಿ ಮಾತು, ನಗು, ಮೆಣಸಿನಕಾಯಿಯ ಘಾಟು, ಸೀನು. ಸಂದಿಯಲ್ಲಿ ಕೂತ ನನ್ನ ಮೊಳಕೈ ಅಕ್ಷರಕ್ಕೊಮ್ಮೆ ಗೋಡೆಗೆ ಬಡಿಯುತ್ತದೆ.

"ಅಣ್ಣಾರ, ಜರ್ಮನಿ ಮುಟ್ಟಿದ್ರೇನು?" ಎಂದು ಫಾತಿಮಾಬಿ ಕೂಗುತ್ತಾಳೆ.

"ಅವರ್ನ ಕೆಣಕಬ್ಯಾಡವಾ, ಇಕ್ಕಟ್ಟಿನ್ಯಾಗ ಅದಾರ" ಎನ್ನುತ್ತಾಳೆ ಗಿರಿಜಾ.

ಎದ್ದು ಹೋಗಿ ಉತ್ತರ ಕೊಡೋಣವೆಂದರೆ ಕುರ್ಚಿ ಹಿಂದೆ ಸರಿಯುವುದಿಲ್ಲ. ನಿಮ್ಮ ಮನೆಯಲ್ಲೂ ಸಿಟ್ಟು ಹೀಗೆ ಯಾವುದಾದರೂ ಸಾಮಾನಿನ ಕೆಳಗೆ ಸಿಕ್ಕಿಕೊಂಡದ್ದುಂಟೇ? ದಯಮಾಡಿ ಬರೆದು ತಿಳಿಸಿರಿ. ಕಾರ್ಡಿನಲ್ಲೇ ಬರೆಯಿರಿ, ದೊಡ್ಡ ಲಕೋಟೆ ಬಿಚ್ಚಲು ಇಲ್ಲಿ ಜಾಗವಿಲ್ಲ.