ಗುಟ್ಟಿನ ಆ್ಯಪ್ ಮತ್ತು ನನ್ನ ಗಂಟಲು

ಗುಟ್ಟು ಕಾಯುವುದು ನಮ್ಮ ಮನೆತನಕ್ಕೆ ಒಗ್ಗಿದ ವಿದ್ಯೆಯಲ್ಲ. ಬೀದರ್ ಕಡೆಯಿಂದ ಬಂದು ಹಿಮಾಯತ್‌ನಗರದಲ್ಲಿ ನೆಲೆಸಿ ಎಷ್ಟೋ ಕಾಲವಾದರೂ, ಫೋನ್ ಹಿಡಿದರೆ ಬೀದರಿಗೆ ನೇರವಾಗಿಯೇ ಕೇಳಲಿ ಎಂಬಂತೆ ಕೂಗುತ್ತೇವೆ. ಇಂಥ ನನಗೆ ಖಾಸಗಿತನದ ಹುಚ್ಚು ಹಿಡಿಯಿತು. ಇಂಥವನೇ ಯಜಮಾನ ಎಂದಿಲ್ಲದ, ನಮ್ಮ ಮಾತನ್ನು ಯಾವ ಕಂಪನಿಯೂ ಕದ್ದು ಓದಲಾಗದ ಆ್ಯಪೊಂದನ್ನು ಹಾಕಿಕೊಂಡೆ. ನನ್ನ ಹೆಂಡತಿ ಶಾಂತಾ ಕೇಳಿದಳು: “ಅದರಾಗ ಯಾರ್ ಯಾರ್ ಅದಾರ್ರಿ?”

“ಸದ್ಯಕ್ಕ ನಾ ಒಬ್ಬನ.”

“ಹಂಗಾರ ಭಾಳ ಸುರಕ್ಷಿತ ಐತಿ ಬಿಡ್ರಿ.”

ಅಷ್ಟರಲ್ಲಿ ಸಿಕಂದರಾಬಾದಿನಲ್ಲಿರುವ ನನ್ನ ಅಕ್ಕ ರತ್ನಕ್ಕನ ಮಗಳಿಗೆ ಒಳ್ಳೆಯ ಸಂಬಂಧ ಬಂತು. ಹಿಂದೊಂದು ಸಂಬಂಧ ಬಂಧುಗಳ ಬಾಯಿಗೆ ಬಿದ್ದೇ ಮುರಿದಿತ್ತು. ಈ ಸಲ ಯಾರಿಗೂ ಸುಳಿವು ಸಿಗಬಾರದೆಂದು, ಹೆಣ್ಣು ನೋಡುವ ಶಾಸ್ತ್ರ ನಮ್ಮ ಮನೆಯಲ್ಲಿ ಎಂದಾಯಿತು. “ಮಾತುಕತೆ ಏನಿದ್ರೂ ನನ್ನ ಆ್ಯಪಿನಾಗ” ಎಂದು ನಾನು ಹಟ ಹಿಡಿದೆ. ಅಕ್ಕ ಪಾಪ ಒಪ್ಪಿದಳು.

ಆ ಆ್ಯಪಿನೊಳಗೆ ಅವಳನ್ನು ಸೇರಿಸುವುದಿತ್ತಲ್ಲ, ಸಿಗ್ನಲ್ ಸಿಗಲೆಂದು ತಾರಸಿ ಹತ್ತಿ ಫೋನ್ ಹಚ್ಚಿದೆ. “ಅಕ್ಕಾ, ಮ್ಯಾಲಿನ ಮೂರು ಚುಕ್ಕಿ ಒತ್ತು!” “ಯಾವ ಚುಕ್ಕಿಯೋ? ಪರದೆ ಮ್ಯಾಲೆ ಅರಿಶಿನ ಬಿದ್ದೈತಿ!” ಗುಪ್ತಪದ, ಅಂದರೆ ಪಾಸ್‌ವರ್ಡ್, ಹಾಕಿಸುವ ಹೊತ್ತಿಗೆ ನನ್ನ ಸಹನೆ ಸತ್ತಿತ್ತು. “ಬದನೀಕಾಯಿ! ಇಂಗ್ಲಿಷ್ ಅಕ್ಷರದಾಗ ಬದನೀಕಾಯಿ!” ಕೆಳಗೆ ತರಕಾರಿ ತಳ್ಳುಗಾಡಿಯವನು ಕತ್ತೆತ್ತಿ, “ಬೈಂಗನ್ ನಹೀ ಹೈ ಸಾಬ್, ಭೇಂಡಿ ಹೈ” ಎಂದ; ಬದನೆ ಇಲ್ಲವಂತೆ, ಬೆಂಡೆ ಇದೆಯಂತೆ. ಅವನಿಗೆ ಕನ್ನಡ ಹೇಗೆ ತಿಳಿಯಿತೆಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. “ಹುಡುಗನ ಕಡೆಯವರು ರವಿವಾರ ಬರ್ತಾರ, ಯಾರಿಗೂ ಹೇಳಬ್ಯಾಡ!” ಎಂದು ಕಿರುಚಿದೆ. ಕೆಳಗಿನ ಮನೆಯ ಸುಜಾತಮ್ಮ ಅಲ್ಲೇ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ತೆಲುಗಿನವರಾದರೂ ನನ್ನ ಫೋನ್ ಕೇಳಿ ಕೇಳಿಯೇ ಕನ್ನಡ ಕಲಿತವರು. “ಅಣ್ಣಾ, ಅಕ್ಕಂಗೆ ಪರದೆ ಒರೆಸ್ಕೊಳ್ಳಕ್ಕೆ ಹೇಳ್ರಿ” ಎಂದು ಸಲಹೆ ಕೊಟ್ಟರು.

ಅಕ್ಕ ಕೊನೆಗೂ ಆ್ಯಪಿನೊಳಗೆ ಬಂದಳು. ಮರುದಿನವೇ ಗುಪ್ತಪದ ಮರೆತು ಹೊರಗುಳಿದಳು. ಮರೆತದ್ದನ್ನು ನೆನಪಿಸಿಕೊಡಲು ಆ ಆ್ಯಪಿಗೆ ಯಜಮಾನನೇ ಇಲ್ಲ. ಮತ್ತೆ ತಾರಸಿ, ಮತ್ತೆ ಬದನೆಕಾಯಿ. ಶನಿವಾರ ಸುಜಾತಮ್ಮ ಶಾಂತಾಳಿಗೆ ನಾಳೆ ಬರುವವರಿಗೆಂದು ಹೆಚ್ಚಿನ ಕುರ್ಚಿಗಳನ್ನು ತಂದುಕೊಟ್ಟಾಗಲೇ ಗುಟ್ಟಿನ ಗತಿ ನನಗೆ ಅರ್ಥವಾದದ್ದು. ಈ ಸಂಬಂಧವೂ ಮುರಿದರೆ ಅಕ್ಕನಿಗೆ ಮುಖ ಹೇಗೆ ತೋರಿಸಲಿ ಎಂದು ಊಟ ಸೇರಲಿಲ್ಲ.

ರವಿವಾರ ಬಂದವರು ಹುಡುಗಿಯನ್ನು ಮಾತಾಡಿಸಿದರು, ಉಪ್ಪಿಟ್ಟು ತಿಂದರು, ಒಪ್ಪಿಗೆಯನ್ನೂ ಹೇಳಿಬಿಟ್ಟರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹುಡುಗನ ತಂದೆ ನನ್ನ ಕೈ ಹಿಡಿದು ಹೇಳಿದರು: “ನಾವು ಮೊದಲ ನೋಡಿದ ಸಂಬಂಧದಾಗ ಹುಡುಗಿ ಕಡೆಯವರು ಏನೇನೋ ಮುಚ್ಚಿಟ್ಟಿದ್ರು, ನಮಗ ಹೆದರಿಕಿ ಇತ್ತರಿ. ಮ್ಯಾಲೆ ಬರೂ ಮುಂಚೆ ಕೆಳಗಿನ ಮನಿ ಅಮ್ಮಾರನ್ನ ವಿಚಾರಿಸಿದ್ವಿ. ‘ಕಣ್ಣುಮುಚ್ಚಿ ಮಾಡ್ಕೊಳ್ರಿ, ಆ ಮನುಷ್ಯಾ ಜಗತ್ತಿನಾಗ ಯಾರಿಂದ್ಲೂ ಏನೂ ಮುಚ್ಚಿಡಂಗಿಲ್ಲ’ ಅಂದ್ರು ನೋಡ್ರಿ.”