ಕೆರೆನ್ ಹಪ್ಪುಕ್ ಎಂದು ಕರೆಯುವವರು

ವಯಸ್ಸಾದಂತೆ ಹೆಂಗಸರ ಮೊಣಕಾಲಿಗಿಂತ ಮೊದಲು ಸವೆಯುವುದು ಅವರ ಹೆಸರು. ಚೆನ್ನೈನ ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಮೂರನೇ ಮಹಡಿ ಆಂಟಿ, ತರಕಾರಿಯವನಿಗೆ ಪಾಟಿ ಅಂದರೆ ಅಜ್ಜಿ, ಚರ್ಚಿನಲ್ಲಿ ಮಗಳ ಹೆಸರಿನಿಂದ ರೂತ್ ಅಮ್ಮ. ನನಗೊಂದು ಹೆಸರಿದೆ ಎಂಬ ಅನುಮಾನವೂ ಇವರಲ್ಲಿ ಯಾರಿಗೂ ಇಲ್ಲ. ಇದೆ. ಕೆರೆನ್ ಹಪ್ಪುಕ್. ನಗುವುದಾದರೆ ಈಗಲೇ ನಕ್ಕುಬಿಡಿ. ಟಿ. ನಗರದ ಸೀರೆ ಅಂಗಡಿಯವರೆಲ್ಲ ನಕ್ಕಾಗಿದೆ.

ತಪ್ಪು ನಮ್ಮ ಮನೆತನದ ಪದ್ಧತಿಯದು. ನಮ್ಮ ಹಿರಿಯರು ಧಾರವಾಡದ ಕಡೆಯ ಕ್ರೈಸ್ತರು. ದಿನಾ ಸಂಜೆ ಪ್ರಾರ್ಥನೆಗೆ ಕೂತು ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದುವುದು, ದಿನಕ್ಕೊಂದೇ ಅಧ್ಯಾಯ. ಮಗು ಹುಟ್ಟಿದ ದಿನ ಯಾವ ಅಧ್ಯಾಯ ಬರುತ್ತದೋ ಅದರಲ್ಲಿರುವ ಹೆಸರನ್ನೇ ಇಡಬೇಕು. ಸುಮಾರು ಅಧ್ಯಾಯಗಳಲ್ಲಿ ಮೋಶೆ ಮತ್ತು ಆರೋನ ಬಿಟ್ಟರೆ ಬೇರೆ ನರಪಿಳ್ಳೆ ಸಿಗುವುದಿಲ್ಲವಾದ್ದರಿಂದ ನಮ್ಮ ಕಡೆ ಆರೋನರಿಗೆ ಬರವಿಲ್ಲ. ಮದುವೆಮನೆಯಲ್ಲಿ ಒಬ್ಬ ಆರೋನನನ್ನು ಊಟಕ್ಕೆ ಕರೆದರೆ ಒಂದು ಪಂಕ್ತಿ ತುಂಬುತ್ತಿತ್ತು. ನಾನು ಹುಟ್ಟಿದ್ದು ಯೋಬನ ಕಥೆಯ ಕೊನೆಯ ಅಧ್ಯಾಯದ ದಿನ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನಿಗೆ ದೇವರು ಎಲ್ಲವನ್ನೂ ತಿರುಗಿ ಕೊಡುತ್ತಾನೆ. ಜೊತೆಗೆ ಮೂವರು ಚೆಲುವೆಯರಾದ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಯೆಮೀಮಾ, ಕೆಚೀಯ, ಕೆರೆನ್ ಹಪ್ಪುಕ್. ಮೊದಲೆರಡು ಬಿಟ್ಟು ಇದನ್ನೇ ಯಾಕೆ ಆರಿಸಿದಿರಿ ಎಂದು ಅಪ್ಪನನ್ನು ಕೇಳಿದ್ದೆ. "ಯೆಮೀಮಾ ಅನ್ನಾವ್ರು ಊರ ತುಂಬ ಅದಾರ. ಈ ಬಡಪಾಯಿ ಹೆಸರು ಯಾರೂ ಇಟ್ಟಿಲ್ಲ ನೋಡವಾ" ಅಂದರು. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಕಾಡಿಗೆ ತುಂಬಿಡುವ ಕೊಂಬು ಎಂದರ್ಥ. ಹಿಂದಿನ ಕಾಲದವರು ಕಣ್ಣಿಗೆ ಹಚ್ಚುವ ಕಪ್ಪನ್ನು ಕೊಂಬಿನಲ್ಲಿ ಇಡುತ್ತಿದ್ದರಂತೆ. ಒಟ್ಟಿನಲ್ಲಿ ನಾನು ಕಾಡಿಗೆ ಡಬ್ಬಿ. ಚೆನ್ನೈನ ಸೆಕೆಗೆ ನಾನು ಹಚ್ಚಿದ ಕಾಡಿಗೆ ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಗಲ್ಲಕ್ಕೆ ಇಳಿದಿರುತ್ತದೆ ಎನ್ನುವುದು ಬೇರೆ ಮಾತು.

ಈ ಹೆಸರನ್ನು ಒಂದಕ್ಷರವೂ ಕತ್ತರಿಸದೆ ಕರೆಯುತ್ತಿದ್ದವರು ನಮ್ಮ ಯಜಮಾನರು ಒಬ್ಬರೇ. ಎಗ್ಮೋರಿನ ರೈಲ್ವೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಲೇ "ಕೆರೆನ್ ಹಪ್ಪುಕ್, ಚಾ ಆತೇನು?" ಎಂದರೆ ಕೆಳಗಿನ ಮನೆಯವರಿಗೂ ಕೇಳಬೇಕು. ಆಗೆಲ್ಲ ನಾಚಿಕೆಯಿಂದ, ಮೆಲ್ಲಗೆ ಕರೀರಿ ಎಂದು ಬೈಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಆ ಹೆಸರು ಕಿವಿಗೆ ಬೀಳಲೇ ಇಲ್ಲ. ಸಂಜೆಯ ಓದನ್ನು ಒಬ್ಬಳೇ ಮುಂದುವರಿಸಿದೆ. ಚಹಾ ಹೊತ್ತಿಗೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಏನು ಮಾಡಲಿ, ಅವರಿಲ್ಲದ್ದು ಅಭ್ಯಾಸವಾಯಿತು, ಕರೆಯುವವರಿಲ್ಲದ್ದು ಆಗಲಿಲ್ಲ.

ಹೀಗಿರುವಾಗ ಮಗಳು ರೂತ್ ಗರ್ಭಿಣಿ ಎಂದು ಗೊತ್ತಾಯಿತು. ನನ್ನ ತಲೆಯಲ್ಲಿ ದುರಾಸೆಯೊಂದು ಮೊಳೆಯಿತು. ಮೊಮ್ಮಗಳು ಯೋಬನ ಕೊನೆಯ ಅಧ್ಯಾಯದ ದಿನ ಹುಟ್ಟಿದರೆ? ಆ ಹೆಸರನ್ನು ನಾನೇ ದಿನವಿಡೀ ಕೂಗಬಹುದು, ಗೋಡೆಗಳಾದರೂ ಕೇಳಿಸಿಕೊಂಡಾವು. ಆದರೆ ನನ್ನ ಓದು ಆಗಿನ್ನೂ ಯೆಹೋಶುವನ ಪುಸ್ತಕದಲ್ಲಿತ್ತು, ಯೋಬನ ಕೊನೆಗೆ ಇನ್ನೂ ಮುನ್ನೂರರಷ್ಟು ಅಧ್ಯಾಯ ಬಾಕಿ. ಪದ್ಧತಿ ಮುರಿದು ದಿನಕ್ಕೆರಡು ಅಧ್ಯಾಯ ಶುರುಮಾಡಿದೆ, ಭಾನುವಾರ ಮೂರು. ವಂಶಾವಳಿಗಳನ್ನಂತೂ ಸ್ಟೇಷನ್ನಿನ ಮೈಕಿನವರ ಹಾಗೆ ಗಡಗಡ ಓದಿದೆ. ಹೆರಿಗೆಗೆ ಬಂದಿದ್ದ ರೂತ್ ಸೋಫಾದಲ್ಲಿ ಕಾಲು ಚಾಚಿಕೊಂಡು, "ಏನಮ್ಮಾ, ಎಕ್ಸ್‌ಪ್ರೆಸ್ ಮಾದಿರಿ ಪೋರೆ?" ಎಂದಳು, ಎಕ್ಸ್‌ಪ್ರೆಸ್ ರೈಲಿನ ಹಾಗೆ ಓಡುತ್ತಿದ್ದೀಯಲ್ಲ ಎಂದು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. ಅವರಪ್ಪನಿಗೂ ಹಾಗೇ ಕೊಡುತ್ತಿದ್ದಳು. ವಯಸ್ಸಾತಲ್ಲವಾ, ಮುಗಿಸಬೇಕು ಎಂದು ಹಾರಿಕೆಯ ಮಾತಾಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಸುಳ್ಳಲ್ಲ. ಡಾಕ್ಟರು ಹೇಳಿದ ದಿನಕ್ಕೆ ಮುಂಚೆಯೇ ಕೊನೆಯ ಅಧ್ಯಾಯ ಬಂದುಬಿಟ್ಟಿತು, ಆ ದಿನ ದಾಟಿದರೂ ಮಗು ಬರಲಿಲ್ಲ. ದಿನಾ ಸಂಜೆ ಅದೇ ಅಧ್ಯಾಯವನ್ನು, ದೇವರು ಗಮನಿಸಲಿಕ್ಕಿಲ್ಲ ಎಂಬ ಧೈರ್ಯದಿಂದ, ಮತ್ತೆ ಮತ್ತೆ ಓದಿದೆ.

ದೇವರು ಗಮನಿಸಿದ್ದ. ಗಂಡುಮಗು ಹುಟ್ಟಿತು. ಇರಲಿ, ಅದರಲ್ಲೇ ಒಂದು ಗಂಡು ಹೆಸರು ಹುಡುಕೋಣವೆಂದು ಆಸ್ಪತ್ರೆಯಲ್ಲೇ ಅಧ್ಯಾಯ ತೆರೆದೆ. ಎಷ್ಟೋ ಸಲ ಓದಿದ್ದರೂ ನಾನು ಕಂಡಿರದ ಸಂಗತಿ ಆಗ ಕಂಡಿತು: ಯೋಬನಿಗೆ ಏಳು ಗಂಡುಮಕ್ಕಳೂ ಹುಟ್ಟುತ್ತಾರೆ, ಆದರೆ ಒಬ್ಬನ ಹೆಸರನ್ನೂ ಬರೆದಿಲ್ಲ. ಹೆಸರಿರುವುದು ಹೆಣ್ಣುಮಕ್ಕಳಿಗೆ ಮಾತ್ರ. ಯೋಬ ಎಂದೇ ಇಡೋಣವೆಂದರೆ ಅವನ ಪಾಡೂ ಜೊತೆಗೆ ಬಂದೀತು; ಉಳಿದವರೆಂದರೆ ನರಳುತ್ತಿದ್ದ ಅವನ ತಲೆ ತಿಂದ ಗೆಳೆಯರು. ಎಲೀಫಜ ಎಂದು ಯಾವ ಬಾಯಿಂದ ಮಗುವನ್ನು ಆಡಿಸಲಿ?

"ಪೇರ್ ಎನ್ನಮ್ಮಾ?" ಎಂದು ಹೆಸರು ಕೇಳಿದಳು ರೂತ್ ಮಂಚದಿಂದ. ನನಗೆ ದುಃಖ ಉಕ್ಕಿ ಬಂತು. "ನಿಮ್ಮಪ್ಪ ಹೋದಮ್ಯಾಲೆ ನನ್ನ ಹೆಸರು ಯಾರೂ ಕರದಿಲ್ಲವಾ. ಅದೊಂದು ಮನ್ಯಾಗ ಕೇಳ್ಲಿ ಅಂತ ಇಷ್ಟೆಲ್ಲಾ ಮಾಡಿದ್ನಿ" ಎಂದು ಎಲ್ಲ ಹೇಳಿಬಿಟ್ಟೆ. ಮಗು ಅಳತೊಡಗಿತು. ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಬೆನ್ನ ಹಿಂದಿನಿಂದ, ತಡವರಿಸುವ ಕನ್ನಡದಲ್ಲಿ, ಆದರೆ ಥೇಟ್ ಅವರದೇ ಗತ್ತಿನಲ್ಲಿ ಧ್ವನಿ ಬಂತು: "ಕೆರೆನ್ ಹಪ್ಪುಕ್, ಕೂಸಿನ್ನ ತಗೋ."

"ಬಂದೆರೀ" ಎಂದೆ, ಸೆರಗು ಸರಿಮಾಡಿಕೊಂಡು, ಇಡೀ ವಾರ್ಡಿಗೆ ಕೇಳುವಂತೆ. ಹೆತ್ತವಳನ್ನು ಬಿಟ್ಟು ನರ್ಸಮ್ಮ ನನ್ನ ಬಿಪಿ ನೋಡಲು ಓಡಿ ಬಂದಳು.